ಏಳು ಕುರಿ, ಆರು ಕೋಡಿ

ರಾಮವ್ವ ನಮ್ಮ ಓಣಿಗೆ ಬಂದದ್ದು ಸೊಸೆಯ ಮೇಲೆ ದೂರು ಹೇಳಲಿಕ್ಕೆ ಎಂದೇ ನಾನು ತಿಳಿದಿದ್ದೆ. ಅರವತ್ತು ದಾಟಿದ ಹೆಂಗಸು ಅಥಣಿ ಕಡೆಯ ಅನಂತಪುರದಿಂದ ಎರಡು ಬಸ್ಸು ಬದಲಿಸಿ ಬೆಳಿಗ್ಗೆ ಎಂಟಕ್ಕೆಲ್ಲ ಉಗಾರ ಖುರ್ದಕ್ಕೆ ಬಂದು, ಸೋನಾಬಾಯಿಯವರ ಕಟ್ಟೆಯ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು “ನಮ್ಮ ಸೊಸಿ” ಎಂದು ಮಾತು ಶುರು ಮಾಡಿದರೆ ಬೇರೆ ಏನು ತಿಳಿಯಬೇಕು? ನಾನು ಚಹಾದ ಲೋಟ ಎತ್ತಿಕೊಂಡು ಏಳಲು ಸಿದ್ಧನಾದೆ. ಅತ್ತೆ ಸೊಸೆಯರ ಜಗಳದಲ್ಲಿ ಪತ್ತೆ ಮಾಡುವಂಥದ್ದು ಏನೂ ಇರುವುದಿಲ್ಲ.

“ನಮ್ಮ ಸೊಸಿ ಕಳ್ಳಿ ಅಲ್ರಿ ಅಕ್ಕೋರ,” ಎಂದಳು ರಾಮವ್ವ. “ಇವತ್ತ ಸಂಜೀಕ ಆಕೀನ ತವರಿಗೆ ಅಟ್ಟತಾರ. ಅದರೊಳಗ ನೀವು ಬರ್ರಿ.”

ನಾನು ಮತ್ತೆ ಕೂತೆ.

ಸೋನಾಬಾಯಿಯವರನ್ನು ಅರಿಯದವರಿಗೆ ಎರಡು ಮಾತು. ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಎಂದು ಮೂವತ್ನಾಲ್ಕು ವರ್ಷ ಹೈಸ್ಕೂಲುಗಳಲ್ಲಿ ಗಣಿತ ಕಲಿಸಿದವರು. ಶಾಲೆ ಕಲಿಸುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ನಿವೃತ್ತರಾಗಿ ಒಂಬತ್ತು ವರ್ಷವಾದರೂ ಅವರು ಇಡೀ ಊರಿಗೆ ಅಕ್ಕೋರೇ. ಅವರ ತರಗತಿಯಲ್ಲಿ ಬರೀ ಉತ್ತರ ಬರೆದವನಿಗೆ ಸೊನ್ನೆ. ಹೇಗೆ ಬಂತೆಂದು ಒಂದೊಂದೇ ಹೆಜ್ಜೆ ತೋರಿಸಿದವನಿಗೆ ಉತ್ತರ ತಪ್ಪಿದ್ದರೂ ಅರ್ಧ ಅಂಕ. ಈಗ ಜನ ಕಳವು, ಸುಳ್ಳು ಸಹಿ, ಹೊಲದ ಗಡಿ ಎಂದು ಏನು ಹೊತ್ತು ತಂದರೂ ಅವರ ಪದ್ಧತಿ ಅದೇ. ನಾನು ಜಯಪಾಲ, ಅವರೊಂದಿಗೆ ಗೋಡೆ ಹಂಚಿಕೊಂಡ ನೆರೆಯವನು. ಸಕ್ಕರೆ ಕಾರ್ಖಾನೆಯ ಕಾಟಾದಲ್ಲಿ ಕೂತು ಮೂವತ್ತೊಂದು ವರ್ಷ ಕಬ್ಬಿನ ಗಾಡಿ ತೂಗಿದ್ದೇನೆ. ಅವರಿಗೆ ಬುದ್ಧಿ ಇದೆ, ನನಗೆ ಮೋಟರ್ ಸೈಕಲ್ ಇದೆ. ಹೀಗೆ ನಮ್ಮ ಜೋಡಿ ಕೂಡಿದೆ.

ರಾಮವ್ವ ಹೇಳಿದ್ದು ಇಷ್ಟು. ಆಕೆಯ ಗಂಡ ಜಕ್ಕಪ್ಪ ಕುರಿಗಾರ. ಅನಂತಪುರದ ಹೊರಗೆ ದ್ರಾಕ್ಷಿ ತೋಟಗಳ ನಡುವೆ ಅವರ ಮನೆ, ಪಕ್ಕದಲ್ಲಿ ಹಟ್ಟಿ. ಮಗ ಬೀರದೇವ, ಅವನ ಹೆಂಡತಿ ಭಾಗ್ಯಾ, ಮಂಗಸೂಳಿಯವಳು. ಮದುವೆಯಾಗಿ ನಾಲ್ಕು ತಿಂಗಳು. ಹತ್ತನೆಯ ತರಗತಿ ಪಾಸಾದವಳು, ಆ ಮನೆಯಲ್ಲಿ ಅಷ್ಟು ಓದಿದವರು ಬೇರೆ ಇಲ್ಲ. ಇನ್ನು ಆ ಮನೆಯ ಅಭಿಮಾನವೆಲ್ಲ ಸರ್ಜಾ ಎಂಬ ಟಗರು. ಪ್ರದರ್ಶನಕ್ಕೆ ಹೋದಲ್ಲೆಲ್ಲ ಮೊದಲ ಬಹುಮಾನ. ಅಪರಿಚಿತರು ಹತ್ತಿರ ಬಂದರೆ ಮಾತ್ರ ಹಾಯುತ್ತದೆ. ಯಾರು ಎಷ್ಟು ಕೇಳಿದರೂ ಜಕ್ಕಪ್ಪ ಅದನ್ನು ಮಾರಿಲ್ಲ, ಬೇರೆಯವರ ಕುರಿಗಳ ಜೊತೆಗೂ ಬಿಟ್ಟಿಲ್ಲ. ಆ ತಳಿ ತನ್ನ ಹಟ್ಟಿ ದಾಟಬಾರದೆಂಬುದು ಅವನ ಅಪ್ಪನ ಕಾಲದಿಂದ ಬಂದ ಕಟ್ಟುಪಾಡು.

ಸರ್ಜಾನಿಗೆ ತಗಡಿನ ಬಾಗಿಲಿನ ಸ್ವಂತ ಕೋಣೆ. ಜಕ್ಕಪ್ಪ ಕುರಿ ಮೇಯಿಸುವಾಗ ಎರಡು ಸಲ ಕೀಲಿಕೈ ಕಳೆದುಕೊಂಡ. ಹಾಗಾಗಿ ಹತ್ತು ದಿನದ ಹಿಂದೆ ಬೀರದೇವ ಅಥಣಿಯಿಂದ ಮೂರು ಅಂಕಿ ತಿರುಗಿಸಿ ತೆಗೆಯುವ ನಂಬರ್ ಕೀಲಿ ತಂದ. ನಂಬರು ಗೊತ್ತು ಮಾಡಿದವಳು ಭಾಗ್ಯಾ. ಮಾವ ಮರೆಯಬಾರದೆಂದು ಬಾಗಿಲ ಮೇಲೆ ಸೀಮೆಸುಣ್ಣದಿಂದ ಒಂದು ಲೆಕ್ಕವನ್ನೂ ಬರೆದಳು: 7 + 6 × 20.

“ಇನ್ನೂರಾ ಅರವತ್ತು,” ಎಂದೆ ನಾನು ಥಟ್ಟನೆ.

“ಎಲ್ಲಾರೂ ಅದನ್ನ ಅಂತಾರ್ರಿ,” ಎಂದಳು ರಾಮವ್ವ. “ಅದಕ್ಕ ಕೀಲಿ ತಗಿಯೂದಿಲ್ಲ. ನಂಬರ್ ನೂರಾ ಇಪ್ಪತ್ತೇಳು. ಅದು ನಮ್ಮ ಹಟ್ಟಿ ಕುರಿ ಲೆಕ್ಕರಿ. ದಿನಾ ಸಂಜೀಕ ನಮ್ಮ ಮನ್ಯಾರು ಕುರಿ ಎಣಿಸಿ, ಬಿಡಿ ಏಳು, ಕೋಡಿ ಆರು ಅಂತ ಕೂಗತಾರ. ಭಾಗ್ಯಾ ಒಳಗಿಂದ ನೂರಾ ಇಪ್ಪತ್ತೇಳು ಅಂತ ಜೋಡಿಸಿ ಹೇಳತಾಳ. ಮದಿವ್ಯಾದಾಗಿಂದ ಅದೊಂದು ಆಟ ಆಗಿತ್ತು ಮಾವ ಸೊಸೀದು. ಈಗ ಮೂರ ದಿನ ಆತು, ಅವರು ಕೂಗತಾರ, ಒಳಗಿಂದ ಮಾತ ಬರೂದಿಲ್ಲ.”

ಕೋಡಿ ಎಂದರೆ ಇಪ್ಪತ್ತು ಎಂದು ನನಗೂ ಗೊತ್ತಿತ್ತು. ಆದರೂ ನನ್ನ ಇನ್ನೂರಾ ಅರವತ್ತು ಎಲ್ಲಿ ತಪ್ಪಿತೆಂದು ಹೊಳೆಯಲಿಲ್ಲ. ಸೋನಾಬಾಯಿ ನನ್ನ ಕಡೆ ನೋಡಿ, “ಕಾಟಾದಾಗ ಹಿಂಗ ತೂಗಿದ್ರೇನ್ರಿ ಜಯಪಾಲ?” ಎಂದರು. ನಾನು ಚಹಾ ಕುಡಿದೆ.

ಕಳವಾದದ್ದು ಸೋಮವಾರ. ಬೆಳಿಗ್ಗೆ ಭಾಗ್ಯಾಳ ಅಣ್ಣ ಈಶ್ವರ ತನ್ನ ಟೆಂಪೋದಲ್ಲಿ ತಂಗಿಯನ್ನು ನೋಡಿ ಹೋಗಲು ಬಂದು, ಹನ್ನೊಂದಕ್ಕೆ ಹೊರಟುಹೋದ. ಜಕ್ಕಪ್ಪ, ಬೀರದೇವ ಕುರಿ ಹೊಡೆದುಕೊಂಡು ಹೋಗಿದ್ದರು. ಈಶ್ವರ ಹೋದಮೇಲೆ ರಾಮವ್ವ ಸರ್ಜಾನಿಗೆ ನೀರಿಟ್ಟು, ಕಣ್ಣು ತೋರಿಸಲು ಅಥಣಿಗೆ ಹೋದಳು. ಹನ್ನೆರಡಕ್ಕೆ ಭಾಗ್ಯಾ ಗಂಡಸರಿಗೆ ಬುತ್ತಿ ಒಯ್ದಳು. ನಾಲ್ಕಕ್ಕೆ ಎಲ್ಲರೂ ಮರಳಿದಾಗ ಕೀಲಿ ಹಾಕಿದಂತೆಯೇ ಇತ್ತು, ಒಳಗೆ ಸರ್ಜಾ ಇರಲಿಲ್ಲ.

“ಕೀಲಿ ಮ್ಯಾಲೆ ಯಾವ ಅಂಕಿ ಇದ್ದವು?” ಎಂದು ಕೇಳಿದರು ಸೋನಾಬಾಯಿ.

“ಇನ್ನೂರಾ ಅರವತ್ತರಿ. ನಾವು ಯಾವತ್ತೂ ಮೂರು ಸೊನ್ನಿಗೆ ತಿರುವಿ ಇಡತೀವಿ.”

ಊರ ಹಿರಿಯರ ವಾದ ಸರಳವಾಗಿತ್ತು. ಕೀಲಿ ಮುರಿದಿಲ್ಲ, ಅಂದಮೇಲೆ ನಂಬರು ಗೊತ್ತಿದ್ದವರೇ ತೆಗೆದಿದ್ದಾರೆ. ಆ ಲೆಕ್ಕ ನೋಡಿದ ಹೊರಗಿನವರಿಗೆಲ್ಲ ಬಂದದ್ದು ತಪ್ಪು ಉತ್ತರ. ಸರಿಯಾದದ್ದು ಗೊತ್ತಿದ್ದದ್ದು ಮನೆಯ ನಾಲ್ವರಿಗೆ, ಅವರಲ್ಲಿ ಒಬ್ಬಳ ಅಣ್ಣ ಅಂದೇ ಟೆಂಪೋ ತಂದಿದ್ದ. ಮನೆಯ ಮರ್ಯಾದೆ ಎಂದು ಠಾಣೆಗೆ ಹೋಗಿರಲಿಲ್ಲ. ಇಂದು ನಾಲ್ಕು ಗಂಟೆಗೆ ಹಿರಿಯರು ಕೂತು, ಅದೇ ಟೆಂಪೋದಲ್ಲಿ ಭಾಗ್ಯಾಳನ್ನು ಕಳಿಸುವವರಿದ್ದರು. ಹಾಗೆ ಹೋದ ಹೆಣ್ಣು ಕಳ್ಳಿ ಎಂಬ ಹೆಸರು ಹೊತ್ತೇ ಬಾಳಬೇಕು.

“ನಿಮ್ಮ ಮಗ ಏನಂತಾನ?”

“ಏನೂ ಅನ್ನೂದಿಲ್ರಿ,” ಎಂದಳು ರಾಮವ್ವ. “ಅದ ದೊಡ್ಡ ಸಂಕಟ ನೋಡ್ರಿ.”

ಲೆಕ್ಕ ಬರೆದಾಗಿನಿಂದ ಆ ಅಂಗಳಕ್ಕೆ ಬಂದ ಹೊರಗಿನವರು ಮೂವರೇ. ಅಣ್ಣ ಈಶ್ವರ, ಹಿಂಡಿ ಚೀಲ ತಂದಿಳಿಸಿದ ಅಂಗಡಿಯ ನಿತಿನ, ಪಕ್ಕದ ದ್ರಾಕ್ಷಿ ತೋಟದ ಶಿವರಾಜ. ಸೋನಾಬಾಯಿ ಛತ್ರಿ ಕೈಗೆ ತೆಗೆದುಕೊಂಡರು. “ನೀವು ಬಸ್ಸಿಗೆ ಬರ್ರಿ ರಾಮವ್ವ. ನಾವು ಮೂರು ಮಂದೀನ ಮಾತಾಡಿಸಿ ನಾಕಕ್ಕ ನಿಮ್ಮ ಅಂಗಳದಾಗ ಇರತೀವಿ. ನಿಮ್ಮ ಸೊಸಿಗೆ ಹೇಳ್ರಿ, ಗಂಟು ಕಟ್ಟಾಕ ಅವಸರ ಮಾಡೂದು ಬ್ಯಾಡ.”

ಅವರು ಇಷ್ಟು ಖಚಿತವಾಗಿ ಮಾತಾಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ಏಕೆಂದರೆ ಅವರಿಗೆ ಏನು ಹೊಳೆದಿದೆ ಎಂದು ನನಗೆ ಹೇಳುವುದಿಲ್ಲ.

ಮಂಗಸೂಳಿಯಲ್ಲಿ ಈಶ್ವರ ಟೆಂಪೋ ತೊಳೆಯುತ್ತಿದ್ದ. ತೊಳೆಯುತ್ತಿದ್ದ ಎನ್ನುವುದಕ್ಕಿಂತ ಬಡಿಯುತ್ತಿದ್ದ ಎನ್ನಬೇಕು. “ತಂಗೀನ ಕರಕೊಂಡ ಹೋಗಾಕ ಬಾ ಅಂತ ಫೋನ್ ಮಾಡ್ಯಾರ್ರಿ. ನಮ್ಮ ಅವ್ವನ ಕಿವಿಗೂ ಸುದ್ದಿ ಹಾಕ್ಯಾರ. ಎರಡು ದಿನದಿಂದ ಅವ್ವ ಉಂಡಿಲ್ಲ.” ಸೋಮವಾರ ಹನ್ನೆರಡರಿಂದ ಮೂರರವರೆಗೆ ತಾನು ಮಲ್ಲಯ್ಯನ ಗುಡಿಯ ಮುಂದೆ ಭಕ್ತರ ಸಾಮಾನು ಇಳಿಸುತ್ತಿದ್ದೆ ಎಂದ. ಗುಡಿಯ ಮುಂದಿನ ಕಾಯಿ ಅಂಗಡಿಯವನು ಅದನ್ನೇ ಹೇಳಿದ, ಟೆಂಪೋ ತನ್ನ ಅಂಗಡಿಗೆ ಅಡ್ಡ ನಿಂತದ್ದಕ್ಕೆ ಬೈದದ್ದನ್ನೂ ನೆನಪಿಸಿಕೊಂಡ.

“ಬಾಗಲ ಮ್ಯಾಲಿನ ಲೆಕ್ಕ ನೀ ಮಾಡಿದ್ಯೇನಪಾ?” ಎಂದು ಅಕ್ಕೋರು ಈಶ್ವರನನ್ನು ಕೇಳಿದ್ದರು.

“ಮೂರನೇ ಕ್ಲಾಸಿಗೆ ಸಾಲಿ ಬಿಟ್ಟವ ನಾ. ತಂಗಿ ಬರದಾಳ ಅಂತ ನೋಡಿ ಖುಷಿ ಆತು, ಅಷ್ಟರಿ.”

ಮಂಗಸೂಳಿ ದಾಟಿ ಅರ್ಧ ತಾಸು ಹೋದಮೇಲೆ ನನ್ನ ಗಾಡಿ ಎಂದಿನಂತೆ ಕೆಮ್ಮಿ ನಿಂತಿತು. ರಸ್ತೆಯ ಪಕ್ಕದಲ್ಲಿ ದ್ರಾಕ್ಷಿ ಒಣಗಿಸುವ ಉದ್ದನೆಯ ಶೆಡ್ ಇತ್ತು. ಒಣಗಿಸುವ ಕೆಲಸ ಮುಗಿದು ಮೂರು ತಿಂಗಳಾಗಿದೆ. ಈ ದಿನಗಳಲ್ಲಿ ಅಂಥ ಶೆಡ್ಡುಗಳೆಲ್ಲ ನಾಲ್ಕೂ ಕಡೆ ತೆರೆದುಕೊಂಡು ಬರಿದಾಗಿ ನಿಂತಿರುತ್ತವೆ. ಇದಕ್ಕೆ ಮಾತ್ರ ಸುತ್ತಲೂ ಹಸಿರು ಪರದೆ ಬಿಟ್ಟು ಬಿಗಿದು ಕಟ್ಟಿದ್ದರು. ಬಿಸಿಲಿಗೆ ಪರದೆ ಸುಮ್ಮನೆ ಹಾಳು ಎಂದು ನಾನು ಗೊಣಗಿದೆ. ಪಕ್ಕದ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸನ್ನು ಇದು ಯಾರದೆಂದು ಕೇಳಿದೆ.

“ಅನಂತಪುರದ ಶಿವರಾಜ ಸಾವಕಾರ್ರದ್ರಿ,” ಎಂದಳು. ಸೋನಾಬಾಯಿ ಛತ್ರಿಯ ನೆರಳಲ್ಲಿ ನಿಂತು ಶೆಡ್ಡನ್ನೇ ನೋಡಿದರು.

ನಿತಿನನ ಅಂಗಡಿ ಅನಂತಪುರದ ಬಸ್ ಸ್ಟ್ಯಾಂಡಿನ ಎದುರಿಗಿತ್ತು. ದನ ಕುರಿಗಳ ಹಿಂಡಿ, ಔಷಧ, ಹಗ್ಗ, ಗಂಟೆ. ಮೇಜಿನ ಮೇಲೆ ದೊಡ್ಡ ಗುಂಡಿಗಳ ಹಳೆಯ ಕ್ಯಾಲ್ಕುಲೇಟರ್. ನಿತಿನ ಮಾತುಗಾರ, ಮುಚ್ಚುಮರೆ ಇಲ್ಲ.

“ಹೌದ್ರಿ, ಲೆಕ್ಕ ನೋಡಿದೆ. ಅಂಗೈ ಮ್ಯಾಲೆ ಬರಕೊಂಡು ಬಂದು ಇದರಾಗ ಒತ್ತಿದೆ. ಇನ್ನೂರಾ ಅರವತ್ತು ಬಂತು. ಮರುದಿನ ರಾಮವ್ವನ ಮುಂದನ ತಿರುವಿ ನೋಡಿದೆ, ತಗೀಲಿಲ್ಲ. ಆಕಿ ನಕ್ಕಳು, ನಾನೂ ನಕ್ಕೆ.”

“ನನ್ನ ಮುಂದ ಒಮ್ಮೆ ಒತ್ತು.”

ಅವನು ಒತ್ತಿದ. ಏಳು, ಅಧಿಕ, ಆರು. ಗುಣಿಲೆಯ ಗುಂಡಿ ಒತ್ತಿದ ಕೂಡಲೇ ಪರದೆಯ ಮೇಲೆ ಹದಿಮೂರು ಎಂದು ಬಂದದ್ದನ್ನು ನಾನು ಕಂಡೆ. ಇಪ್ಪತ್ತು ಒತ್ತಿ ಸಮ ಒತ್ತಿದಾಗ 260.

“ಇದನ್ನ ಯಾರ ಮುಂದ ಹೇಳಿದಿ?”

“ಬಂದವರ ಮುಂದೆಲ್ಲಾ ಹೇಳೇನ್ರಿ. ಶನಿವಾರ ಶಿವರಾಜ ಬಂದಿದ್ದ, ಅವನಿಗೂ ಹೇಳಿದೆ. ಎಷ್ಟಂದಿ, ಎಷ್ಟಂದಿ ಅಂತ ಎರಡ ಸಲ ಕೇಳಿ ನಕ್ಕ.”

ಹೊರಗೆ ಬಂದಮೇಲೆ ನಾನು ತಡೆಯಲಾರದೆ ಹೇಳಿದೆ. “ಇವನ ನೋಡ್ರಿ. ಕೀಲಿ ಮ್ಯಾಲೆ ಇದ್ದದ್ದೂ ಇವನ ಅಂಕಿ. ಹಿಂಡಿ ತರೂ ನೆವದಾಗ ಬಂದಾನ, ಒಯ್ದಾನ.”

“ಇವ ಹೆಜ್ಜಿ ತೋರಿಸ್ಯಾನ,” ಎಂದರು ಸೋನಾಬಾಯಿ. “ಇವಗ ಅರ್ಧ ಮಾರ್ಕ್ಸ್.”

ಶಿವರಾಜ ತೋಟದ ಮನೆಯ ಮುಂದೆ ನಮಗೆ ಕುರ್ಚಿ ಹಾಕಿಸಿ, ತಟ್ಟೆಯಲ್ಲಿ ಒಣದ್ರಾಕ್ಷಿ ತಂದಿಟ್ಟ. ಮೂವತ್ತರ ಆಸುಪಾಸು, ಕೈಯಲ್ಲಿ ಒಳ್ಳೆಯ ಮೊಬೈಲು, ನಯವಾದ ಮಾತು. ಸರ್ಜಾ ಕಳೆದದ್ದಕ್ಕೆ ಬಹಳ ನೊಂದುಕೊಂಡ. “ಹೋಗತಾ ಬರತಾ ಅದಕ್ಕ ಒಂದು ಮುಷ್ಟಿ ದ್ರಾಕ್ಷಿ ತಿನಸತಿದ್ದೆ ಅಕ್ಕೋರ. ನನ್ನ ದನಿ ಕೇಳಿದ್ರ ಓಡಿ ಬರತಿತ್ತು. ನಾನೂ ಹವ್ಯಾಸಕ್ಕಂತ ಹತ್ತು ಹೆಣ್ಣು ಕುರಿ ಕಟ್ಟೇನಿ. ಒಮ್ಮೆ ಸರ್ಜಾನ ಬಿಡು ಕಾಕಾ ಅಂತ ಕೇಳಿದ್ದೆ, ಆಗೂದಿಲ್ಲ ಅಂದ್ರು. ಇರಲಿ, ಅವರ ಕಟ್ಟು ಅವರಿಗೆ.”

“ಲೆಕ್ಕ ನೀನೂ ಮಾಡಿ ನೋಡಿದ್ಯೇನು?”

“ಮಾಡಿದ್ನಿರಿ. ನನಗೂ ಇನ್ನೂರಾ ಅರವತ್ತ ಬಂತು.”

“ಬಾಯಿಲೆಕ್ಕ ಮಾಡಿದ್ಯೋ?”

ಅವನು ನಕ್ಕ. “ಬಾಯಿಲೆಕ್ಕ ನನಗ ಬರೂದಿಲ್ಲ, ಸಾಲಿ ಮಾಸ್ತರನ ಕೇಳ್ರಿ ಬೇಕಾದ್ರ. ಮೊಬೈಲ್ ಐತಲ್ರಿ. ಬಾಗಲ ಮುಂದ ನಿಂತು, ಹೆಂಗ ಬರದಿತ್ತೋ ಹಂಗ ಒತ್ತಿದೆ.”

“ಇದ ಮೊಬೈಲಿನಾಗ?”

“ಇದರಾಗರಿ.”

“ಸಮ ಅನ್ನೂ ಗುಂಡಿ ನಡುವ ಒಮ್ಮೆ ಒತ್ತಿದ್ಯೋ, ಕಡೀಕ ಅಷ್ಟ ಒತ್ತಿದ್ಯೋ?”

“ನಡುವ ಯಾಕ ಒತ್ತಲಿ? ಕಡೀಕ ಒಂದ ಸಲ. ಇನ್ನೂರಾ ಅರವತ್ತು.” ತಾನು ಜಾಣನಲ್ಲ ಎಂದು ಒಪ್ಪಿಕೊಳ್ಳುವುದರಲ್ಲಿ ಅವನಿಗೆ ಒಂದು ಬಗೆಯ ಖುಷಿ ಇದ್ದಂತಿತ್ತು.

ಸೋನಾಬಾಯಿ ಒಂದೇ ಒಂದು ದ್ರಾಕ್ಷಿ ಬಾಯಿಗೆ ಹಾಕಿಕೊಂಡು ಎದ್ದರು. “ನಾಕಕ್ಕ ಜಕ್ಕಪ್ಪನ ಅಂಗಳಕ್ಕ ಬಾರಪಾ. ನೆರೆಮನಿಯವ ನೀ ಇರಬೇಕು. ಮೊಬೈಲ್ ಮರೀಬ್ಯಾಡ.”

ನಾಲ್ಕು ಗಂಟೆಗೆ ಜಕ್ಕಪ್ಪನ ಅಂಗಳದ ಬೇವಿನ ಕೆಳಗೆ ಐವರು ಹಿರಿಯರು ಕೂತಿದ್ದರು. ಅಂದು ಕುರಿಗಳನ್ನು ನೆರೆಯವರು ಮೇಯಿಸಲು ಹೊಡೆದುಕೊಂಡು ಹೋಗಿದ್ದರು. ನಿತಿನ, ಶಿವರಾಜ ಬಂದಿದ್ದರು. ರಸ್ತೆಗೆ ಮುಖ ಮಾಡಿ ಈಶ್ವರನ ಟೆಂಪೋ ನಿಂತಿತ್ತು. ಹೊಸ್ತಿಲ ಹತ್ತಿರ ಭಾಗ್ಯಾ, ಅವಳ ಕಾಲ ಬಳಿ ಬಟ್ಟೆಯ ಬ್ಯಾಗು. ಅತ್ತು ಮುಗಿದ ಮುಖ. ಆದರೆ ತಲೆ ತಗ್ಗಿಸಿರಲಿಲ್ಲ. ತಲೆ ತಗ್ಗಿಸಿದ್ದವನು ಅವಳ ಗಂಡ ಬೀರದೇವ, ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ. ನನಗೆ ಅವನನ್ನು ಹಿಡಿದು ಅಲ್ಲಾಡಿಸಬೇಕೆನ್ನಿಸಿತು. ಸರ್ಜಾನ ಕೋಣೆಯ ಬಾಗಿಲ ಮೇಲೆ ಆ ಲೆಕ್ಕ ಇನ್ನೂ ಬೆಳ್ಳಗೆ ಕಾಣುತ್ತಿತ್ತು.

“ಹಿರಿಯರು ಮುಕ್ಕಾಲು ತಾಸು ಕೊಡಬೇಕು,” ಎಂದರು ಸೋನಾಬಾಯಿ. “ಸಾಲ್ಯಾಗ ಒಂದು ಪೀರಿಯಡ್ ಅಂದ್ರ ಅಷ್ಟ. ಜಕ್ಕಪ್ಪಣ್ಣ, ಸಾಲಿಗೆ ಹೋಗೀಯೇನು?”

“ಒಂದ ದಿನಾನೂ ಇಲ್ರಿ,” ಎಂದ ಜಕ್ಕಪ್ಪ. ಬಿಳಿ ರುಮಾಲಿನ ಗಟ್ಟಿ ಮುದುಕ, ಮೂರು ದಿನದಲ್ಲಿ ದನಿ ಸೋತುಹೋಗಿತ್ತು.

“ಹಂಗಾರ ನೀನ ಮಾಸ್ತರ. ಕುರಿ ಹೆಂಗ ಎಣಸತಿ ತೋರಿಸು.”

ಜ‌ಕ್ಕಪ್ಪ ಅಂಗಿಯ ಕಿಸೆಯಿಂದ ಆರು ಹರಳು ತೆಗೆದು ನೆಲದ ಮೇಲೆ ಸಾಲಾಗಿ ಇಟ್ಟ. “ಕುರಿ ಗೇಟ ದಾಟೂ ಮುಂದ ಇಪ್ಪತ್ತು ಆದ ಕೂಡ್ಲೇ ಒಂದು ಹರಳು ಕಿಸೇಕ ಹಾಕತೇನ್ರಿ. ಹರಳಿಗೊಂದು ಕೋಡಿ. ಉಳದದ್ದು ಬಿಡಿ.” ಬಿದ್ದಿದ್ದ ಗೋವಿನಜೋಳದ ಏಳು ಕಾಳು ಆರಿಸಿ ಹರಳುಗಳ ಎಡಕ್ಕೆ ಇಟ್ಟ. “ಹೇಳೂ ಮುಂದ ಬಿಡಿ ಮೊದಲ ಹೇಳತೇನಿ. ತಪ್ಪಿಸಿಕೊಳ್ಳೂದು ಬಿಡಿ ಕುರಿನ. ಬಿಡಿ ಏಳು, ಕೋಡಿ ಆರು.”

“ಭಾಗ್ಯಾ ಅದನ್ನ ಹಂಗ ಬಾಗಲ ಮ್ಯಾಲೆ ಬರದಾಳ. ಈಗ ಈ ಏಳು ಕಾಳನ್ನ ಆ ಆರು ಹರಳಿನ ಜೋಡಿ ಕೂಡಸು. ಹದಿಮೂರು ಆದವೋ ಇಲ್ಲೋ?”

ಜಕ್ಕಪ್ಪ ಅವರನ್ನು ವಿಚಿತ್ರವಾಗಿ ನೋಡಿದ. “ಅದ್ಹೆಂಗ ಕೂಡಸಾಕ ಬರತೈತ್ರಿ? ಇದು ಒಂದ ಕುರಿ, ಅದು ಇಪ್ಪತ್ತು. ಮೊದಲ ಹರಳು ಬಿಚ್ಚಿ ಕುರಿ ಮಾಡಬೇಕು, ಆರು ಇಪ್ಪತ್ತಲೆ ನೂರಾ ಇಪ್ಪತ್ತು. ಆಮ್ಯಾಲ ಬಿಡಿ ಏಳು. ಹದಿಮೂರು ಕೋಡಿ ಅಂದ್ರ, ಇಲ್ಲದ ಕುರಿ ಎಲ್ಲಿಂದ ತರಲಿ?”

ಹಿರಿಯರು ನಕ್ಕರು. ನಾನು ನಗಲಿಲ್ಲ. ಬೆಳಿಗ್ಗೆ ಹದಿಮೂರು ಕೋಡಿ ಕುರಿ ಕೂಡಿಸಿದವನು ನಾನೇ.

“ಗಣಿತದ ಕಟ್ಟು ಇಷ್ಟ,” ಎಂದರು ಸೋನಾಬಾಯಿ. “ಕೂಡೂದು, ಗುಣಿಸೂದು ಒಂದ ಸಾಲಿನಾಗ ಬಂದ್ರ ಗುಣಾಕಾರ ಮೊದಲ, ಕೂಡೂದು ಆಮ್ಯಾಲ. ಯಾಕಂದ್ರ ಗುಣಾಕಾರ ಅನ್ನೂದು ಕಟ್ಟಿದ ಗಂಟು. ಗಂಟು ಬಿಚ್ಚದೆ ಬಿಡಿ ಸಾಮಾನು ಕೂಡಸಾಕ ಬರೂದಿಲ್ಲ. ಇದು ಈ ಅಜ್ಜಗ ಗೊತ್ತೈತಿ. ಓದಿದವರು ಮರತಾರ. ಇನ್ನ ಮಿಷಿನ್ ನೋಡೂಣು. ನಿತಿನ, ನಿನ್ನದು ತಂದೀಯಲ್ಲ?”

ನಿತಿನ ಎಲ್ಲರ ಮುಂದೆ ಒತ್ತಿದ. 260.

“ಅಂಗಡಿ ಕ್ಯಾಲ್ಕುಲೇಟರಿಗೆ ಮುಂದಿಂದು ಕಾಣೂದಿಲ್ಲ. ಒತ್ತಿದಂಗ ಎಡದಿಂದ ಬಲಕ್ಕ ಮುಗಿಸಿಕೋತ ಹೋಗತೈತಿ. ಏಳು, ಆರು ಹದಿಮೂರು ಮಾಡಿ ಕೂತಿರತೈತಿ, ಆಮ್ಯಾಲ ಇಪ್ಪತ್ತು ಬರತೈತಿ. ನಿತಿನ ಹೇಳಿದ್ದು ಖರೆ. ಅವಗ ಬಂದದ್ದು ಇನ್ನೂರಾ ಅರವತ್ತ. ಶಿವರಾಜ, ನೀನೂ ಒತ್ತಪಾ. ನನಗ ಹೇಳಿದಂಗ. ಸಮ ಕಡೀಕ, ಒಂದ ಸಲ.”

ಶಿವರಾಜ ಮೊಬೈಲು ತೆಗೆದ. ಒತ್ತಿದ. ಅವನ ಬೆರಳು ಪರದೆಯ ಮೇಲೆಯೇ ನಿಂತಿತು. ಸೋನಾಬಾಯಿ ಕೈ ಚಾಚಿದರು. ಕೊಡದೆ ಗತಿ ಇರಲಿಲ್ಲ. ಅದನ್ನು ಮೊದಲ ಹಿರಿಯರ ಕೈಗೆ ದಾಟಿಸಿದರು. ಅವರು ದೂರ ಹಿಡಿದು ಓದಿದರು. “ನೂರಾ ಇಪ್ಪತ್ತೇಳು.”

ಮೊಬೈಲು ಕೈಯಿಂದ ಕೈಗೆ ದಾಟಿ ಐವರು ಹಿರಿಯರನ್ನೂ ಸುತ್ತಿ ಬಂತು.

“ಈ ಮೊಬೈಲ್ ಪೂರಾ ಸಾಲು ಬರಸಿಕೊಂಡು, ಆಮ್ಯಾಲ ಕಟ್ಟಿನ ಪ್ರಕಾರ ಬಿಡಸತೈತಿ,” ಎಂದರು ಅಕ್ಕೋರು. “ಬರದಂಗ ಒತ್ತಿದವಗ ಇದರಾಗ ಇನ್ನೂರಾ ಅರವತ್ತು ಬರೂದಿಲ್ಲ.”

“ತಪ್ಪ ಒತ್ತಿರಬೇಕ್ರಿ ಅವತ್ತ,” ಎಂದ ಶಿವರಾಜ.

“ತಪ್ಪ ಒತ್ತಿದ್ರ ಸಾವಿರ ಉತ್ತರ ಬರತಾವ. ನಿನಗ ಬಂದದ್ದು ಸರಿಯಾಗಿ ನಿತಿನನ ಅಂಕಿ. ಯಾಕಂದ್ರ ಅದು ನೀ ಒತ್ತಿದ್ದಲ್ಲ, ಶನಿವಾರ ಅಂಗಡ್ಯಾಗ ಎರಡ ಸಲ ಕೇಳಿ ತಿಳಕೊಂಡಿದ್ದು. ನಿನಗ ನೂರಾ ಇಪ್ಪತ್ತೇಳು ಬಂದಿತ್ತು. ಊರಿಗೆಲ್ಲಾ ಬ್ಯಾರೆ ಉತ್ತರ ಬಂದೈತಿ ಅಂತ ತಿಳಿದ ಕೂಡ್ಲೇ, ನಿನ್ನ ಉತ್ತರ ಮುಚ್ಚಿಟ್ಟಿ. ಕೀಲಿ ತಗದು, ತಿರುಗಿ ಹಾಕಿ, ಮ್ಯಾಲೆ ಇನ್ನೂರಾ ಅರವತ್ತು ತಿರುವಿ ಇಟ್ಟಿ. ಯಾರೋ ತಪ್ಪ ನಂಬರ್ ಹಚ್ಚಿ ಸೋತು ಹೋಗ್ಯಾರ ಅಂತ ಕಾಣಲಿ ಅಂತ. ನಿತಿನನ ಮ್ಯಾಲೂ ಸಂಶೆ ಬರಲಿ ಅಂತ.” ಇಲ್ಲಿ ಅವರು ನನ್ನ ಕಡೆ ನೋಡಿದ್ದು ಅನಾವಶ್ಯಕವಾಗಿತ್ತು.

ಒಬ್ಬ ಹಿರಿಯರು ಕೈ ಎತ್ತಿದರು. “ಅಂಕಿ ತಿರುವಿದ್ದು ಈ ಹುಡುಗೀನೂ ಆಗಿರಬಹುದಲ್ರಿ?”

“ಆಗಬಹುದು. ಅದಕ್ಕ ಬರೇ ಕೀಲಿ ಮ್ಯಾಲೆ ನಾ ನಿಲ್ಲಲಿಲ್ಲ. ಭಾಗ್ಯಾ ತನಗ ನಂಬರ್ ಗೊತ್ತಿಲ್ಲ ಅಂತ ಯಾವತ್ತೂ ಹೇಳಿಲ್ಲ. ಈಶ್ವರ ಹೋದ ಮ್ಯಾಲೂ ರಾಮವ್ವ ಸರ್ಜಾನ ಕಂಡಾಳ, ಹನ್ನೆರಡರಿಂದ ಮೂರರ ತನಕ ಅವ ಮಂಗಸೂಳ್ಯಾಗಿದ್ದ, ಕಂಡವರದಾರ. ಉತ್ತರ ಗೊತ್ತಿದ್ದು ಗೊತ್ತಿಲ್ಲ ಅಂದವ ಒಬ್ಬನ. ಇನ್ನ ಸರ್ಜಾ. ಅಪರಿಚಿತರನ ಹಾಯೂ ಟಗರು. ದ್ರಾಕ್ಷಿ ತಿನಿಸಿದವನ ಹಿಂದ ಮಾತ್ರ ಸುಮ್ಮನ ನಡೀತೈತಿ. ಮಂಗಸೂಳಿ ಹಾದ್ಯಾಗ ಒಂದು ಶೆಡ್ ಐತಿ, ಒಣಗಸಾಕ ಒಂದು ದ್ರಾಕ್ಷಿ ಇಲ್ಲ, ನಾಕೂ ಕಡೆ ಪರದೆ ಬಿಟ್ಟಾರ. ನಮ್ಮ ಜಯಪಾಲರಿಗೆ ಆ ಪರದೆ ಹಾಳಾಗತೈತಿ ಅಂತ ಭಾಳ ಚಿಂತಿ. ಒಳಗ ಹತ್ತು ಹೆಣ್ಣು ಕುರಿ, ಒಂದು ಟಗರು ಇರಬೇಕು. ಹೌದೇನು ಶಿವರಾಜ?”

ಶಿವರಾಜ ಕುರ್ಚಿಯ ಕೈ ಹಿಡಿದುಕೊಂಡ. “ಹದಿನೈದು ದಿನ ಇಟಗೊಂಡು ರಾತ್ರೋರಾತ್ರಿ ತಂದು ಬಿಡತಿದ್ನಿರಿ. ತಳಿ ಬೇಕಾಗಿತ್ತು, ಅಷ್ಟ. ಈಕೀನ ಮ್ಯಾಲೆ ಬರತೈತಿ ಅಂತ ನನಗ ಗೊತ್ತಿರಲಿಲ್ಲ.”

“ಬಂದ ಮ್ಯಾಲೆ ಗೊತ್ತಾತಲ್ಲ,” ಎಂದರು ಸೋನಾಬಾಯಿ. “ಬಂದು ಮೂರ ದಿನ ಆತು. ಮಧ್ಯಾಹ್ನ ನಮಗ ದ್ರಾಕ್ಷಿ ಕೊಟ್ಟಿ.”

ಜಕ್ಕಪ್ಪ ಎದ್ದು ಸೊಸೆಯ ಕಡೆ ನಡೆದ. ಮಾತಿಗೆ ತಡಕಾಡಿದ. “ತಂಗೀ, ಮೊದಲ ಕೇಳಬೇಕಾಗಿತ್ತು. ನಾ ಮೊದಲ ಶಿಕ್ಷಾ ಹೇಳಿದೆ. ಬ್ಯಾಗ್ ಒಳಗ ಇಡವ್ವ.”

ಭಾಗ್ಯಾ ಬ್ಯಾಗು ಮುಟ್ಟಲಿಲ್ಲ. ನಾವು ಬಂದಮೇಲೆ ಅವಳು ಬಾಯಿ ತೆರೆದದ್ದು ಆಗಲೇ ಮೊದಲು.

“ಮೊದಲ ಸರ್ಜಾ ಮನಿಗೆ ಬರಲಿ. ಆಮ್ಯಾಲ ಶಿವರಾಜಣ್ಣ ನಮ್ಮ ಅವ್ವಗ ಫೋನ್ ಮಾಡಿ ತನ್ನ ಬಾಯಿಲೆ ಹೇಳಲಿ. ಆಮ್ಯಾಲ ಇವರು ಮಾತಾಡಲಿ.” ಗಂಡನ ಕಡೆ ಅವಳು ನೋಡಲೂ ಇಲ್ಲ. “ನಾ ಇರೂದು ಹೋಗೂದು ಕಡೀಕ.”

ಸೋನಾಬಾಯಿ ತಲೆಯಾಡಿಸಿದರು. ಪೂರ್ತಿ ಅಂಕ ಕೊಡುವಾಗ ಅವರು ಹಾಗೆ ಮಾಡುತ್ತಾರೆ.

ಎಲ್ಲವೂ ಅದೇ ಕ್ರಮದಲ್ಲಿ ನಡೆಯಿತು. ಭಾಗ್ಯಾಳನ್ನು ಒಯ್ಯಲು ಬಂದಿದ್ದ ಟೆಂಪೋದಲ್ಲೇ ಈಶ್ವರ, ಬೀರದೇವ ಮತ್ತು ಒಬ್ಬ ಹಿರಿಯರು ಶೆಡ್ಡಿಗೆ ಹೋಗಿ ಸರ್ಜಾನನ್ನು ತಂದರು. ಇಳಿದ ಕೂಡಲೇ ಟಗರು ರಾಮವ್ವನ ಸೊಂಟಕ್ಕೆ ಪ್ರೀತಿಯಿಂದ ಗುಮ್ಮಿ ಆಕೆಯನ್ನು ಕೆಡವಿತು. ಆಕೆ ನೆಲದ ಮೇಲೆ ಕೂತುಕೊಂಡೇ ಅದರ ಕೊರಳು ತಬ್ಬಿ ಅತ್ತಳು. ಶಿವರಾಜ ಎಲ್ಲರೆದುರು ಮಂಗಸೂಳಿಗೆ ಫೋನು ಹಚ್ಚಿದ. ಭಾಗ್ಯಾಳ ತಾಯಿ ಅವನಿಗೆ ಏನೆಂದಳೋ ಗೊತ್ತಿಲ್ಲ, ಆದರೆ ಬಹಳ ಹೊತ್ತು ಅಂದಳು. ಠಾಣೆಗೆ ಹೋಗುವುದೋ ಬಿಡುವುದೋ ಭಾಗ್ಯಾ ನಾಳೆ ಹೇಳುತ್ತಾಳೆ ಎಂದು ಹಿರಿಯರು ಗೊತ್ತು ಮಾಡಿದರು. ನಾಳೆಯವರೆಗೆ ಅವನು ನಿದ್ದೆಗೆಡಲಿ ಎಂದು ನಾನೂ ಒಪ್ಪಿದೆ.

ಬೀರದೇವ ಹೆಂಡತಿಯ ಮುಂದೆ ಬಂದು ನಿಂತ. “ನೀ ಅಲ್ಲ ಅಂತ ನನಗ ಗೊತ್ತಿತ್ತು. ಗೊತ್ತಿದ್ದು ಅಪ್ಪನ ಮುಂದ ಬಾಯಿ ತಗೀಲಿಲ್ಲ. ತಪ್ಪಾತು,” ಎಂದ. ಅಷ್ಟು ಹೇಳಲು ಅವನಿಗೆ ಬೆವರು ಬಂದಿತ್ತು. ಭಾಗ್ಯಾ ಅವನ ಮುಖವನ್ನು ನೋಡಿದಳು. ಅವಳ ಕಣ್ಣಲ್ಲಿ ನೀರಿತ್ತು, ಕ್ಷಮೆ ಇತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ.

ನಾನು ಗಾಡಿ ಚಾಲೂ ಮಾಡುವ ಹೊತ್ತಿಗೆ ಕುರಿಗಳು ಧೂಳೆಬ್ಬಿಸಿಕೊಂಡು ಮರಳಿದವು. ಸೋನಾಬಾಯಿ ನನ್ನ ಹೆಗಲು ಮುಟ್ಟಿ ತಡೆದರು. ಜಕ್ಕಪ್ಪ ಸರ್ಜಾನನ್ನು ಹಿಂಡಿನ ಕೊನೆಗೆ ಬಿಟ್ಟು, ಹಟ್ಟಿಯ ಗೇಟಿಗೆ ನಿಂತು ಎಣಿಸತೊಡಗಿದ. ಒಂದೊಂದೇ ಹರಳು ಕಿಸೆಗೆ ಬಿತ್ತು. ಕೊನೆಯ ಕುರಿಯ ಹಿಂದೆ ಸರ್ಜಾ ಒಳಗೆ ಹೋದಮೇಲೆ ಅವನು ಗೇಟು ಮುಚ್ಚಿದ. ಹಿಂತಿರುಗಿ ಹೊಸ್ತಿಲ ಕಡೆ ನೋಡುವ ಧೈರ್ಯ ಅವನಿಗಿರಲಿಲ್ಲ.

“ಬಿಡಿ ಏಳು,” ಎಂದು ಕೂಗಿದ. “ಕೋಡಿ ಆರು.”

ನಾನು ಹೊಸ್ತಿಲ ಕಡೆ ನೋಡಿದೆ. ಅಲ್ಲಿ ಭಾಗ್ಯಾ ಇರಲಿಲ್ಲ, ಬ್ಯಾಗೂ ಇರಲಿಲ್ಲ.

“ನೂರಾ ಇಪ್ಪತ್ತೇಳು,” ಎಂದು ಮನೆಯ ಒಳಗಿನಿಂದ ದನಿ ಬಂತು.